ತವರು ಅಂತ ಬರೆದ ಮೇಲೆ

ಸುಚಿತಾ ಜಾಹೀರಾತಿಗೆ ಬರೆದದ್ದು ಎರಡೇ ಸಾಲು. "ಕಡಲ ಪಕ್ಕದಲ್ಲಿ ನಿಮ್ಮದೇ ತವರುಮನೆ. ಅಮ್ಮನ ಕೈಯಡುಗೆ." ಅದರ ಕೆಳಗೆ ಒಂದು ಫೋಟೋ. ಅಡುಗೆಮನೆಯ ಹೊಸ್ತಿಲ ಹತ್ತಿರ ಅವಳ ಅತ್ತೆ ಮಂಜಿ ಈಳಿಗೆಮಣೆಯ ಮೇಲೆ ಕೂತು ಕಾಯಿ ಹೆರೆಯುತ್ತಿದ್ದಾಳೆ. ಯಾರೋ ಕರೆದರೆಂದು ತಲೆಯೆತ್ತಿ ನಕ್ಕಿದ್ದಾಳೆ. ಕರೆದವಳು ಸುಚಿತಾಳೇ. "ಅತ್ತೆ, ಇಲ್ಲಿ ನೋಡಿ" ಅಂದಳು, ಅತ್ತೆ ನೋಡಿದಳು, ಮೊಬೈಲು ತನ್ನ ಕೆಲಸ ಮುಗಿಸಿತು. ಮುಂಜಾನೆಯ ಬೆಳಕು, ಬೆಳ್ಳಗಿನ ಕಾಯಿ, ಹಿಂದೆ ಬಾಗಿಲಿನಾಚೆ ಮಸುಕಾದ ಸಮುದ್ರ. ನೋಡಿದವರಿಗೆ ಒಮ್ಮೆ ಹೋಗಿ ಆ ಹೊಸ್ತಿಲ ಮೇಲೆ ಕೂತು ಬರೋಣ ಅನ್ನಿಸಬೇಕು, ಹಾಗಿತ್ತು ಅದು.

ಮನೆ ಕುಮಟೆ ಹತ್ತಿರದ ಬಾಡದಲ್ಲಿ, ಗಾಳಿಮರದ ಸಾಲು ಮುಗಿದು ಮರಳು ಶುರುವಾಗುವಲ್ಲಿ. ಸುಚಿತಾಳ ಗಂಡ ಜಗದೀಶ ಹೊನ್ನಾವರದ ಬೋಟಿಗೆ ಹೋಗುತ್ತಾನೆ. ಮೀನು ಸಿಕ್ಕರೆ ಮನೆಯಲ್ಲಿ ನಗು, ಸಿಗದಿದ್ದರೆ ಬರೀ ಗಂಜಿ. ಈ ಏರಿಳಿತ ಸಾಕಾಗಿ ಸುಚಿತಾ ತನ್ನ ಬಳೆ ಮಾರಿ, ಸತ್ತ ಮಾವ ಬಲೆ ಇಡುತ್ತಿದ್ದ ಜಾಗದಲ್ಲಿ ಪ್ರವಾಸಿಗರಿಗೆ ಬಾಡಿಗೆಗೆಂದು ಎರಡು ರೂಮು ಕಟ್ಟಿಸಿದಳು. ಹುಟ್ಟಿದ ಮೇಲೆ 'ಇದು ನಂದು' ಎಂದು ಅವಳು ಹೇಳಿಕೊಂಡ ಮೊದಲ ವಸ್ತು ಆ ರೂಮುಗಳು. ಅವು ನಡೆಯಬೇಕು, ಅಷ್ಟೇ ಅವಳಿಗೆ ಬೇಕಾದದ್ದು.

ತವರು ಎಂಬ ಮಾತು ಹೊಳೆದದ್ದು ಹೇಗೆಂದು ಅವಳಿಗೂ ಗೊತ್ತಿಲ್ಲ. ಅವಳ ತವರು ಹೊನ್ನಾವರ. ತಾಯಿ ಅವಳ ಮದುವೆಗೆ ಮೊದಲೇ ತೀರಿಕೊಂಡಳು. ಈಗ ಅಲ್ಲಿ ಅಣ್ಣನ ಹೆಂಡತಿಯದೇ ಕಾರುಬಾರು. ಹೋದರೆ ಚಾ ಕೊಡುತ್ತಾಳೆ, ಬಿಸ್ಕೀಟೂ ಇಡುತ್ತಾಳೆ, ಆಮೇಲೆ ಗಡಿಯಾರ ನೋಡುತ್ತಾಳೆ. ತಮ್ಮಲ್ಲಿ ಇಲ್ಲದ್ದರ ಬಗ್ಗೆ ಜನ ಚೆನ್ನಾಗಿಯೇ ಬರೆಯುತ್ತಾರೆ.

ಮೊದಲ ಬುಕಿಂಗ್ ಬಂದ ದಿನವೇ ಅತ್ತೆ ಸೊಸೆಗೆ ಜಗಳವಾಯಿತು. ಮಂಜಿ ಅಂಗಳದಲ್ಲಿ ಬಂಗಡೆ ಒಣಗಿಸಿದ್ದಳು.

"ಅತ್ತೆ, ಇದನ್ನ ತೆಗೀರಿ. ನಾಳೆ ಘಟ್ಟದ ಮೇಲಿನವ್ರು ಬತ್ರು. ವಾಸ್ನಿ ಆತದೆ."

"ಎಂತ ವಾಸ್ನಿ?"

"ಮೀನಿಂದು."

"ಮೀನಿಗೆ ಮೀನಿನ ವಾಸ್ನಿ ಅಲ್ದೆ ಮಲ್ಲಿಗೆದು ಬತ್ತದ್ಯ?"

"ಅವ್ರು ಇರೋ ತನಕ ಒಳಗೂ ಮೀನು ಬೇಯ್ಸುದು ಬ್ಯಾಡ. ನೀವು ಆ ಹೊಸ ಸೀರೆ ಉಟ್ಕಂಡು ಸುಮ್ನೆ ಕೂತ್ಕಣಿ. ಫೋಟೋ ನೋಡಿ ಬರೋರು ನಿಮ್ಮನ್ನೇ ಕೇಳ್ತ್ರು."

ಮಂಜಿ ಬಂಗಡೆಗಳನ್ನು ಒಂದೊಂದಾಗಿ ಬುಟ್ಟಿಗೆ ಹಾಕಿದಳು. ಕುಮಟೆಯ ಪೇಟೆಯಲ್ಲಿ ಮೀನು ಮಾರಿ ಮಗನನ್ನೂ ಮಗಳನ್ನೂ ಸಾಕಿದವಳು, ದನಿ ಏರಿಸುವುದು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಆದರೂ ಏರಿಸಲಿಲ್ಲ.

"ನನ್ನ ಮೊಖ ಬೇಕು, ವಾಸ್ನಿ ಬ್ಯಾಡ. ಹೌದಾ? ಆತು. ಮೊಖ ಇಟ್ಕ. ಮೊಬೈಲಾಗೆ ಅದೆಯಲೆ."

ಮರುದಿನ ಬುಟ್ಟಿ ತಲೆಯ ಮೇಲಿಟ್ಟುಕೊಂಡು ಭಟ್ಕಳದ ಮಗಳ ಮನೆಗೆ ಬಸ್ಸು ಹತ್ತಿದಳು. ಬೋಟಿನಿಂದ ಬಂದ ಜಗದೀಶ ತಾಯಿಯ ಚಾಪೆ ಸುತ್ತಿಟ್ಟಿದ್ದು ನೋಡಿ, "ಎಂತ ಆತು?" ಎಂದ. "ಎಂತ ಇಲ್ಲ, ಸುಪ್ರಿಯಾನ್ನ ನೋಡ್ಬೇಕು ಅಂತ ಹೋಯ್ದ್ರು" ಎಂದಳು ಸುಚಿತಾ. ಅವನು ನಂಬಲಿಲ್ಲ, ಆದರೆ ಹಸಿವಾಗಿತ್ತು. ಉಂಡು ಮಲಗಿದ.

ಫೋಟೋ ಮಾತ್ರ ಅಲ್ಲೇ ಉಳಿಯಿತು, ನಗುತ್ತ.

ಜನವರಿಯಲ್ಲಿ ಹಾವೇರಿಯಿಂದ ಒಂದು ಕಾರು ಬಂತು. ಅರುಣ ಎಂಬ ಬ್ಯಾಂಕಿನ ನೌಕರ, ಅವನ ಹೆಂಡತಿ ಮಾಲತಿ. ಅವಳು ಏಳು ತಿಂಗಳ ಬಸುರಿ, ಸೊಂಟಕ್ಕೆ ಕೈ ಕೊಟ್ಟುಕೊಂಡು ನಿಧಾನ ಇಳಿದಳು. ಬಂದವರೆಲ್ಲ ಮೊದಲು ಸಮುದ್ರದ ಕಡೆ ಓಡುತ್ತಾರೆ. ಇವಳು ಸಮುದ್ರವನ್ನು ನೋಡಲೇ ಇಲ್ಲ. ನೆಟ್ಟಗೆ ಅಡುಗೆಮನೆಯ ಹೊಸ್ತಿಲ ಹತ್ತಿರ ಬಂದು ನಿಂತಳು.

"ಅಮ್ಮಾರು ಎಲ್ಲಿ ಅದಾರ್ರೀ?"

"ಊರಿಗೆ ಹೋಗಿದ್ದಾರೆ ಮೇಡಂ. ಬರ್ತಾರೆ" ಎಂದಳು ಸುಚಿತಾ. ಗಿರಾಕಿಗಳ ಜೊತೆ ಅವಳದು ಟಿವಿಯ ಕನ್ನಡ.

ಊಟಕ್ಕೆ ಚಪಾತಿ, ಪನೀರು, ಗೋಬಿ. ಮಾಲತಿ ಚಪಾತಿಯ ಅಂಚು ಮುರಿದು ಮುರಿದು ಇಟ್ಟಳು. ಆಮೇಲೆ ರೂಮಿಗೆ ಹೋಗಿ ಮಲಗಿದಳು. ಕಿಟಕಿಯಿಂದ ಬಿಸಿಲೂ ಗಾಳಿಯೂ ಒಟ್ಟಿಗೆ ಬರುತ್ತಿದ್ದವು. ಅಲೆಯ ಸದ್ದು ಹತ್ತಿರ ಬಂದು ದೂರ ಹೋಗುತ್ತ, ನಿದ್ದೆಯೋ ಎಚ್ಚರವೋ ತಿಳಿಯದ ಹಾಗೆ ಹೊತ್ತು ಸರಿಯಿತು. ಯಾರೋ ಕಾಯಿ ಹೆರೆಯುತ್ತಿದ್ದಾರೆ, ಸರ್ ಸರ್ ಎಂದು, ಬಳೆ ಸಣ್ಣಗೆ ಸದ್ದಾಗುತ್ತಿದೆ, ಇನ್ನು ಸ್ವಲ್ಪ ಹೊತ್ತಿಗೆ 'ಏಳು ಮಗಾ, ಉಣ್ಣು' ಎಂದು ಕರೆಯುತ್ತಾರೆ. ಅವಳು ಎದ್ದು ಬರಿಗಾಲಲ್ಲಿ ಹೊರಗೆ ಬಂದಳು. ಗಾಳಿಮರದ ಒಣಕೊಂಬೆ ಮಾಡಿನ ಶೀಟಿಗೆ ಉಜ್ಜುತ್ತಿತ್ತು. ಹೊಸ್ತಿಲ ಹತ್ತಿರ ಯಾರೂ ಇರಲಿಲ್ಲ. ಒಳಗೆ ಸುಚಿತಾ ನೆಲಕ್ಕೆ ಫಿನಾಯಿಲ್ ಹಾಕಿ ಒರೆಸುತ್ತಿದ್ದಳು.

"ಮೀನಿನ ಸಾರು ಮಾಡಂಗಿಲ್ಲೇನ್ರೀ ನೀವು?"

"ಇಲ್ಲ ಮೇಡಂ" ಎಂದಳು ಸುಚಿತಾ ಹೆಮ್ಮೆಯಿಂದ. "ನಮ್ಮಲ್ಲಿ ಪೂರಾ ಕ್ಲೀನು. ಬೇಕಾದ್ರೆ ನೋಡಿ, ಒಂಚೂರೂ ವಾಸನೆ ಇಲ್ಲ."

ಮಾಲತಿ ಹೊಸ್ತಿಲ ಮೇಲೆ ಕೂತಳು. ಹೊತ್ತು ಇಳಿಯುವ ತನಕ ಅಲ್ಲೇ ಕೂತಿದ್ದಳು. ಇನ್ನೂ ಒಂದು ದಿನ ಬಾಕಿಯಿದ್ದರೂ ಮರುದಿನ ಬೆಳಿಗ್ಗೆಯೇ ಗಂಡಹೆಂಡತಿ ಹೊರಟುಹೋದರು.

ವಾರದೊಳಗೆ ಫೋನಿಗೆ ಒಂದು ಬರಹ ಬಂತು. ಆಗ ಸುಚಿತಾ, ಜಗದೀಶ ಊಟಕ್ಕೆ ಕೂತಿದ್ದರು. ಸುಚಿತಾ ಓದಿದಳು. "ನೀವು ತವರುಮನೆ ಎಂದು ಬರೆದಿದ್ದೀರಿ. ಅಮ್ಮನ ಕೈಯಡುಗೆ ಎಂದು ಬರೆದಿದ್ದೀರಿ. ಅಲ್ಲಿ ಅಮ್ಮ ಇಲ್ಲ, ಆ ಅಡುಗೆಯೂ ಇಲ್ಲ. ಇದು ಸುಳ್ಳು ಜಾಹೀರಾತು. ಕೊಟ್ಟ ಹಣ ಪೂರ್ತಿ ವಾಪಸ್ ಕೊಡಬೇಕು. ಇಲ್ಲವಾದರೆ ಗ್ರಾಹಕರ ಕೋರ್ಟಿಗೆ ಹೋಗುತ್ತೇವೆ, ಎಲ್ಲ ಕಡೆ ಬರೆಯುತ್ತೇವೆ."

"ಉಂಡ ಮನೆ ಜಂತಿ ಎಣ್ಸುದು ಅಂದ್ರೆ ಇದೇಯ" ಎಂದಳು. "ಹಾಸಿಗೆ ಚೊಕ್ಕ ಇತ್ತು. ಬಿಸ್ನೀರು ಇತ್ತು. ಫ್ಯಾನು ತಿರಗ್ತಿತ್ತು. ಇನ್ನೆಂತ ಬೇಕು ಇವ್ಕೆ?"

"ಅಮ್ಮ ಬೇಕಂತಲ್ಲ" ಎಂದ ಜಗದೀಶ, ಅನ್ನ ಕಲಸುತ್ತ.

"ಅಮ್ಮ ಅಂದ್ರೆ ಸೋಪು, ಟವೆಲ್ಲಾ? ರೂಮಿನ ಜೊತೆ ಕೊಡುಕೆ?"

"ಬರ್ದದ್ದು ಯಾರು?"

"ಎಲ್ರೂ ಹಾಂಗೇ ಬರೀತ್ರು! ಸ್ವರ್ಗ ಅಂತ ಬರೀತ್ರು. ಸ್ವರ್ಗ ಇರ್ತದ್ಯ ಅಲ್ಲಿ?"

"ಸ್ವರ್ಗ ಯಾರೂ ಕಂಡದ್ದಿಲ್ಲ, ನೆಡೀತದೆ. ತವರು ಎಲ್ರೂ ಕಂಡದ್ದು" ಎಂದ ಜಗದೀಶ. ಹೆಚ್ಚು ಮಾತಾಡದವನು ಒಮ್ಮೊಮ್ಮೆ ಹೀಗೆ ಒಂದು ಮಾತು ಎಸೆದು ಕೈ ತೊಳೆಯಲು ಎದ್ದುಬಿಡುತ್ತಾನೆ, ಉಳಿದವರು ಅದನ್ನು ಅಗಿಯುತ್ತ ಕೂರಬೇಕು.

ಹಣ ನೀರಿನ ಟಾಂಕಿಗೆ ಹೋಗಿಯಾಗಿತ್ತು. ಕೊಡುವುದಿಲ್ಲ ಎಂದು ಹೇಳಿಯೇಬಿಡುತ್ತೇನೆಂದು ಸುಚಿತಾ ಮರುದಿನ ಫೋನು ಮಾಡಿದಳು. ಅರುಣ ಎತ್ತಿಕೊಂಡ. ಇಬ್ಬರೂ ಕೋಳಿಗಳ ಹಾಗೆ ಸ್ವಲ್ಪ ಹೊತ್ತು ಕಚ್ಚಾಡಿದರು. ಅವನು ಕಾನೂನು ಎಂದ, ಇವಳು ಬೆಡ್‌ಶೀಟು ಎಂದಳು. ಕಡೆಗೆ ಫೋನು ಮಾಲತಿಯ ಕೈಗೆ ಹೋಯಿತು. ಅವಳು ಜಗಳವಾಡಲಿಲ್ಲ.

"ನಮ್ಮವ್ವ ಅಂಕೋಲಾದಾಕಿ ರೀ. ನಾ ಸಣ್ಣಾಕಿದ್ದಾಗ ತೀರಿಹೋದ್ಲು. ಹಾಸ್ಟೆಲ್‌ನ್ಯಾಗ ಬೆಳದಾಕಿ ನಾನು. ಅವ್ವನ ಮುಖಾ ನೆನಪಿಲ್ಲ, ಆಕಿ ಸಾರಿನ ವಾಸನೀ ನೆನಪೈತಿ. ಏಳು ತಿಂಗಳಾತು, ಬಯಕಿ ಊಟಕ್ಕ ಎಲ್ಲಾರೂ ತವರಿಗೆ ಹೋಗ್ತಾರ. ನೀವು ಬರದದ್ದು ಓದಿದೆ, ಅಮ್ಮಾರು ನಕ್ಕೋತ ಕುಂತಿದ್ರು. ಹೋದ್ರೆ ಕರೀತಾರ ಅಂತ ಬಂದೆ. ಅವರು ಅದಾರೋ ಇಲ್ಲೋ? ಅಷ್ಟರ ಹೇಳ್ರಿ."

"ಇದ್ದಾರೆ" ಎಂದಳು ಸುಚಿತಾ. ಟಿವಿಯ ಕನ್ನಡವೂ ಬರಲಿಲ್ಲ, ಬಾಡದ ಕನ್ನಡವೂ ಬರಲಿಲ್ಲ. ಫೋನು ಇಟ್ಟಳು.

ಅವಳಿಗೆ ಸಿಟ್ಟು ಬಂತು. ಮಾಲತಿಯ ಮೇಲೆ, ಅತ್ತೆಯ ಮೇಲೆ, ಸತ್ತುಹೋದ ತನ್ನ ತಾಯಿಯ ಮೇಲೂ. ಆಮೇಲೆ ನಾಚಿಕೆ ಬಂತು. ಫಿನಾಯಿಲಿನ ಬಾಟಲಿ ಕಣ್ಣಿಗೆ ಬಿದ್ದಾಗ ಆ ನಾಚಿಕೆ ಇನ್ನೂ ಹೆಚ್ಚಾಯಿತು. ಆ ಹೆಣ್ಣು ಹುಡುಕಿಕೊಂಡು ಬಂದದ್ದನ್ನೇ ತಾನು ಒರೆಸಿ ಒರೆಸಿ ತೆಗೆದಿದ್ದಳು.

ಮರುದಿನ ಭಟ್ಕಳದ ಬಸ್ಸು ಹತ್ತಿದಳು. ಹೊನ್ನಾವರದಲ್ಲಿ ಬಸ್ಸು ನಿಂತಿತು. ಅಣ್ಣನ ಮನೆಯ ಓಣಿ ಅಲ್ಲೇ, ಎರಡು ಹೆಜ್ಜೆ. ಇಳಿಯಲಿಲ್ಲ. ಶರಾವತಿಯ ಸೇತುವೆಯ ಮೇಲೆ ಬಸ್ಸು ತೂಗುತ್ತ ಹೋಗುವಾಗ ಕೆಳಗೆ ಹೊಳೆಯೂ ಕಡಲೂ ಸೇರುವಲ್ಲಿ ನೀರೆಲ್ಲ ಹೊಗೆಯಂತೆ ಕಾಣುತ್ತಿತ್ತು. ತೂಕಡಿಕೆಯಲ್ಲಿ ತಾಯಿ ಬಂದಳು. ಏನೂ ಮಾತಾಡದೆ ಪಕ್ಕದ ಸೀಟಿನಲ್ಲಿ ಕೂತಳು, ಮಂಕಿ ಸ್ಟಾಪು ಬರುವ ತನಕ ಇದ್ದಳು. ಕಣ್ಣು ಬಿಟ್ಟಾಗ ಅಲ್ಲಿ ಯಾವುದೋ ಹೆಂಗಸಿನ ತರಕಾರಿ ಚೀಲ ಇತ್ತು.

ಸುಪ್ರಿಯಾಳ ಮನೆಯ ಹಿತ್ತಿಲಲ್ಲಿ ಮಂಜಿ ಸಿಗಡಿಯ ತಲೆ ಮುರಿಯುತ್ತ ಕೂತಿದ್ದಳು. ಸೊಸೆಯನ್ನು ನೋಡಿ, "ಬಾ" ಎನ್ನಲಿಲ್ಲ, "ಯಾಕೆ ಬಂದೆ" ಎಂದೂ ಕೇಳಲಿಲ್ಲ. ಕೈ ತೊಳೆದು ಬಂದು ಅನ್ನ ಬಡಿಸಿದಳು, ಮೇಲೆ ಸಿಗಡಿಯ ಸಾರು ಹಾಕಿದಳು.

"ಅತ್ತಿಗೆ, ಅಮ್ಮ ಬಂದಾಗಿಂದ ನಮ್ಮ ಓಣಿಗೆಲ್ಲ ಹಬ್ಬ" ಎಂದಳು ಸುಪ್ರಿಯಾ. "ಬದಿಮನೆ ನವಾಯತ್ರ ಹೆಂಗಸ್ರೂ ದಿನಾ ಬಟ್ಲು ಹಿಡ್ಕಂಡು ಬತ್ರು."

"ಮನೆಗೆ ಬನ್ನಿ ಅತ್ತೆ" ಎಂದಳು ಸುಚಿತಾ.

"ಎಂತಕ್ಕೆ? ಇನ್ನೊಂದು ಫೋಟೋ ಬೇಕಾ?"

ಸುಚಿತಾ ತುತ್ತು ಕೈಯಲ್ಲೇ ಹಿಡಿದು ಎಲ್ಲ ಹೇಳಿದಳು. ಮಾಲತಿ ಬಂದದ್ದು, ಹೊಸ್ತಿಲ ಮೇಲೆ ಕೂತದ್ದು, ಹಣ ಕೇಳಿದ್ದು, ಫೋನಿನಲ್ಲಿ ಆಡಿದ ಮಾತು. ಮಂಜಿ ಸಿಗಡಿ ಅಲ್ಲೇ ಬಿಟ್ಟು ಎದುರು ಕೂತು ಕೇಳಿದಳು.

"ಎಂತ ಬರ್ದಿದ್ದೆ? ಓದು."

ಸುಚಿತಾ ಓದಿದಳು.

"ತವರು ಅಂತ ಬರ್ದೆ. ಬರ್ದು, ಬಸ್ರಿ ಹೆಂಗಸಿನ ಹತ್ರ ದುಡ್ಡು ತಕಂಡೆ?"

"ರೂಮಿಗೆ ದುಡ್ಡು ತಕಳದೆ..."

"ತವರಾಗೆ ಮಗಳ ಹತ್ರ ದುಡ್ಡು ತಕಂತ್ರನೆ, ಮಾರಾಯ್ತಿ? ರೂಮು ಅಂತ ಬರ್ದಿದ್ರೆ ತಕ, ಯಾರು ಬ್ಯಾಡ ಅಂದ್ರು? ಈಗ ಅವ್ಳು ಕೇಳುದು ಸಮಾ ಅದೆ. ನಾನಿದ್ದು ಮೀನು ಬೇಯ್ಸಿ ಹಾಕಿದ್ರೂ ಅವ್ಳ ದುಡ್ಡು ಅವ್ಳಿಗೇ ಹೋಗುದು. ಅಷ್ಟೂ ಗೊತ್ತಿಲ್ಯ ನಿಂಗೆ?"

"ಇಲ್ಲ" ಎಂದಳು ಸುಚಿತಾ. ಎಂಜಲು ಕೈಯಲ್ಲೇ ಕಣ್ಣು ಒರೆಸಹೋಗಿ ಖಾರ ತಾಗಿ ಇನ್ನಷ್ಟು ನೀರು ಬಂತು. "ನಂಗೆ ಗೊತ್ತಿಲ್ಲ ಅತ್ತೆ. ಗೊತ್ತಾಗುಕೆ ನಂಗೆ ತವರು ಎಲ್ಲಿತ್ತು?"

ಹಿತ್ತಿಲಲ್ಲಿ ಕಾಗೆಯೊಂದು ಸಿಗಡಿಯ ಮೇಲೆ ಕಣ್ಣಿಟ್ಟಿತ್ತು. ಮಂಜಿ ಅದನ್ನು ಓಡಿಸಲಿಲ್ಲ. ಸೊಸೆಯ ಮುಖಕ್ಕೆ ನೀರು ಹಾಕಿ, ಸೆರಗಿನಿಂದ ಒರೆಸಿದಳು. ಆ ಸೆರಗಿಗೆ ಮೀನಿನ ವಾಸನೆ ಚೆನ್ನಾಗಿಯೇ ಇತ್ತು.

"ಉಣ್ಣು ಮೊದ್ಲು" ಎಂದಳು. "ಸಂಜೆ ಬಸ್ಸಿಗೆ ಹೋಗ್ವ."

ಫೆಬ್ರುವರಿಯ ಒಂದು ಭಾನುವಾರ ಹಾವೇರಿಯವರು ಮತ್ತೆ ಬಂದರು. ದುಡ್ಡು ವಾಪಸು ಕೊಡುತ್ತೇವೆ, ಬಂದು ತೆಗೆದುಕೊಂಡು ಹೋಗಬೇಕು ಎಂದು ಮಂಜಿ ಹೇಳಿ ಕಳಿಸಿದ್ದಳು. ಅರುಣ ಕಾರಿನಿಂದ ಇಳಿಯುವಾಗಲೇ ಗೊಣಗುತ್ತಿದ್ದ. "ಫೋನಿಗೇ ಹಾಕಬಹುದಿತ್ತಲ್ರೀ. ಇಷ್ಟು ದೂರ ಎಳಕೊಂಡು ಬರೂದು ಏನಿತ್ತು?"

"ತವರಿಂದು ಫೋನಿಗೆ ಹಾಕುದಲ್ಲ ತಮ್ಮಾ" ಎಂದಳು ಮಂಜಿ, "ಮಡ್ಲಿಗೆ ಹಾಕುದು."

ಅಂಗಳದಲ್ಲಿ ಬಂಗಡೆ ಒಣಗುತ್ತಿತ್ತು. ಮಾಲತಿ ಅದರ ಪಕ್ಕ ನಿಂತು ಉಸಿರು ಎಳೆದುಕೊಂಡಳು, ಕಣ್ಣು ಮುಚ್ಚಿ, ಮತ್ತೊಮ್ಮೆ. ಅರುಣ ಕರವಸ್ತ್ರ ಮೂಗಿಗೆ ಒತ್ತಿಕೊಂಡ. ಮಂಜಿ ಅಂದು ಎರಡು ಬಗೆಯ ಸಾರು ಮಾಡಿದ್ದಳು. ಬಂಗಡೆಯದು ಗಟ್ಟಿಯಾಗಿ ಖಾರ, ನೊಗಲಿ ಮೀನಿನದು ತೆಳ್ಳಗೆ ಬಸುರಿಗೆ ಹಿತವಾಗಿ. ಮಾಲತಿ ಉಣ್ಣತೊಡಗಿದಳು. ಮೊದಲ ತುತ್ತಿಗೆ ನಿಂತಳು, ಏನೋ ನೆನಪಿಸಿಕೊಳ್ಳುವಂತೆ ಬಾಗಿಲಿನಾಚೆ ನೋಡಿದಳು.

"ಇದೇಯ ಮಗಾ, ನಿನ್ನ ಅಬ್ಬೆ ಮಾಡ್ತಿದ್ದದ್ದು?" ಎಂದಳು ಮಂಜಿ.

"ಅಲ್ಲ" ಎಂದಳು ಮಾಲತಿ. "ಅದರ ರುಚಿ ಬ್ಯಾರೆ ಇತ್ತು. ಆದ್ರೂ ಹಾಕ್ರಿ."

ಹಾಕಿದರು. ಮತ್ತೆ ಹಾಕಿದರು. ಹೊರಗೆ ಬಿಸಿಲು ಹಾಲಿನಂತೆ ಬೆಳ್ಳಗಿತ್ತು, ಕಡಲು ಮಲಗಿದಂತಿತ್ತು, ಯಾರಿಗೂ ಎಲ್ಲಿಗೂ ಹೋಗುವ ಅವಸರ ಇರಲಿಲ್ಲ. ಅರುಣ ಕೂಡ ಕರವಸ್ತ್ರ ಜೇಬಿಗಿಟ್ಟು ಒಂದು ತುಂಡು ಹುರಿದ ಬಂಗಡೆ ತಿಂದ, ಆಮೇಲೆ ಲೆಕ್ಕ ಬಿಟ್ಟ. ಊಟ ಮುಗಿದು ಎಲ್ಲರೂ ಅಲ್ಲಲ್ಲೇ ಒರಗಿ ಕಣ್ಣು ಮುಚ್ಚಿದರು. ಮಾಲತಿ ಮಂಜಿಯ ಚಾಪೆಯ ಮೇಲೆ ಮಲಗಿದ್ದಳು. ಅವಳ ಪಕ್ಕ ಕೂತು ಮಂಜಿ ನೊಣ ಓಡಿಸುತ್ತಿದ್ದಳು.

ಹೊರಡುವ ಹೊತ್ತಿಗೆ ಮಣೆ ಹಾಕಿದರು. ಮೊರದಲ್ಲಿ ಅಕ್ಕಿ, ಕಾಯಿ, ಎಲೆ ಅಡಿಕೆ, ರವಿಕೆ ಕಣ, ಬಳೆ. ಅದರ ಮೇಲೆ ಮಡಚಿಟ್ಟ ಹಣ. ಬೋಟಿನ ಪಾಲಿನಿಂದ ಜಗದೀಶ ತಂದಿಟ್ಟದ್ದು, ಮುಖ ಊದಿಸಿಕೊಂಡೇ ಆದರೂ ಪೂರ್ತಿ ಇಟ್ಟಿದ್ದ.

ಮಂಜಿ ಗೋಡೆಗೆ ಸರಿದು ನಿಂತಳು. ಗಂಡ ಹೋದವಳು ಮಡಿಲು ತುಂಬಬಾರದು ಎಂದು ಕಟ್ಟಳೆ. ಈ ಕಟ್ಟಳೆ ಮಾಡಿದವನು ಒಮ್ಮೆ ಮಂಜಿಯ ಕೈಯ ಸಾರು ಉಂಡಿದ್ದರೆ ಮಾಡುತ್ತಿರಲಿಲ್ಲ.

"ನೀವೇ ತುಂಬಿ ಅತ್ತೆ" ಎಂದಳು ಸುಚಿತಾ. "ಇಲ್ಲಿ ಯಾರು ಕೇಳೋರು?"

"ಅದಕ್ಕಲ್ಲ. ಬರ್ದವ್ಳು ನೀನು. ನೀ ತುಂಬು."

"ನಂಗೆ ಬತ್ತಿಲ್ಲ."

"ನಾ ಹೇಳ್ತೆ. ಮೊದ್ಲು ಅರಿಶಿಣ ಕುಂಕುಮ. ಹಾಂ. ಈಗ ಎರಡೂ ಕೈ ತುಂಬ ಅಕ್ಕಿ ತಕ. ಗಿಂಡಿಲಿ ನೀರು ಹೊಯ್ದಂಗೆ ಹೊಯ್ಬ್ಯಾಡ, ಮೆಲ್ಲ ಇಡು. ಮಗು ಅದೆ ಒಳಗೆ."

ಸುಚಿತಾ ಇಟ್ಟಳು. ಮಾಲತಿ ಸೆರಗು ಹಿಡಿದು ಕೂತು ಗಟ್ಟಿಯಾಗಿಯೇ ಅಳುತ್ತಿದ್ದಳು, ಮರೆಮಾಚುವ ಪ್ರಯತ್ನ ಮಾಡಲಿಲ್ಲ. ಹಣ ಮಡಿಲಿಗೆ ಬಿದ್ದಾಗ ಅರುಣ, "ಬ್ಯಾಡ್ರೀ, ಇರಲಿ, ಈಗ..." ಎಂದ.

"ಮಡ್ಲಿಗೆ ಬಿದ್ದದ್ದು ವಾಪಸು ಇಲ್ಲ" ಎಂದಳು ಮಂಜಿ.

ಮಾಲತಿ ಎದ್ದು, ಮಡಿಲಿನಿಂದ ಒಂದು ಹಿಡಿ ಅಕ್ಕಿ ತೆಗೆದು ಮೊರಕ್ಕೆ ಹಾಕಿದಳು. ತವರು ಬರಿದಾಗಬಾರದೆಂದು ಹೆಣ್ಣುಮಕ್ಕಳು ಬಿಟ್ಟುಹೋಗುವ ಹಿಡಿ ಅದು. ಹಾಸ್ಟೆಲಿನಲ್ಲಿ ಬೆಳೆದವಳಿಗೆ ಅದನ್ನು ಯಾರು ಹೇಳಿಕೊಟ್ಟರೋ. ಕಾರು ಗಾಳಿಮರಗಳ ಆಚೆ ಮರೆಯಾಯಿತು.

ಸುಚಿತಾ ಅಂದೇ ಸಂಜೆ ಮೊಬೈಲು ತೆಗೆದು 'ತವರುಮನೆ' ಎಂಬ ಮಾತನ್ನು ಅಳಿಸಿದಳು. ಅತ್ತೆಯ ಫೋಟೋ ತೆಗೆದು ಸಮುದ್ರದ್ದು ಹಾಕಿದಳು. "ಎರಡು ರೂಮು. ಬಿಸಿನೀರು ಇದೆ. ಮೀನಿನ ಊಟ ಸಿಗುತ್ತದೆ. ಅಂಗಳದಲ್ಲಿ ಮೀನಿನ ವಾಸನೆ ಇರುತ್ತದೆ" ಎಂದು ಬರೆದಳು. ಜಗದೀಶ ಓದಿ ನಕ್ಕ. ಆದರೆ ಜನ ಬಂದರು. ಮಾರ್ಚ್ ಬರುವಷ್ಟರಲ್ಲಿ, ಬೇಸಿಗೆ ರಜೆಗೆಂದು ಏಪ್ರಿಲ್, ಮೇ ಪೂರ್ತಿ ಎರಡೂ ರೂಮಿಗೆ ಮಾತಾಗಿತ್ತು. ಮಾರಿದ ಬಳೆ ವಾಪಸು ಬರುವುದಿಲ್ಲ, ಆ ಹಣದಲ್ಲಿ ಹೊಸದನ್ನೇ ಮಾಡಿಸಬೇಕು ಎಂದು ಸುಚಿತಾ ಕೈ ನೋಡಿಕೊಳ್ಳುತ್ತಿದ್ದಳು. ಮುಗಿದ ಕಥೆ ಎಂದು ಎಲ್ಲರೂ ಅಂದುಕೊಂಡಿದ್ದರು.

ಮಾರ್ಚಿನ ನಡುವೆ ಒಂದು ಮಧ್ಯಾಹ್ನ ಮೂವರೂ ಉಣ್ಣುತ್ತಿದ್ದಾಗ ಫೋನು ಬಂತು. ಮಾಲತಿ. ಸುಚಿತಾ ಎಡಗೈಯಲ್ಲಿ ಸ್ಪೀಕರಿಗೆ ಹಾಕಿದಳು.

"ಅಕ್ಕಾರ, ಆರಾಮ್ ಅದೀರೇನ್ರೀ?" ಎಂದಳು. "ಡಾಕ್ಟರು ಏಪ್ರಿಲ್‌ದಾಗ ಅಂತ ಹೇಳ್ಯಾರ್ರೀ. ಇಲ್ಲೆ ಓಣ್ಯಾಗ ಎಲ್ಲಾರೂ ಕೇಳ್ತಾರ, ಮೊದಲನೇ ಬಾಣಂತನ ಎಲ್ಲಿ ಅಂತ. ತವರಾಗ ಅಂದೆ. ಅಂದುಬಿಟ್ಟೆ ರೀ. ಯಾವಾಗ ಬರ್ಲಿ?"

ಜಗದೀಶ ಬಾಯಲ್ಲಿದ್ದ ಮುಳ್ಳು ತೆಗೆಯುವುದನ್ನೂ ಮರೆತ. ಬಾಣಂತಿ ಎಂದರೆ ಒಂದು ರೂಮು ಮಳೆಗಾಲದ ತನಕ. ಏಪ್ರಿಲ್ ಹೋಯಿತು, ಮೇ ಹೋಯಿತು, ಮಾತಾದವರಿಗೆಲ್ಲ ಇಲ್ಲ ಎನ್ನಬೇಕು. ಎಣ್ಣೆನೀರು, ಕಾಯದ ಪುಡಿ, ಆಸ್ಪತ್ರೆಗೆ ಓಡಾಟ, ರಚ್ಚೆ ಹಿಡಿವ ಕೂಸು. ಸುಚಿತಾಳಿಗೆ ಇದೆಲ್ಲ ಒಟ್ಟಿಗೇ ಕಂಡಿತು. ಅವಳು ಅತ್ತೆಯ ಕಡೆ ನೋಡಿದಳು. ಮಂಜಿ ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದಳು.

"ಅಕ್ಕಾರ? ಕೇಳಸ್ತೇನ್ರೀ?" ಎಂದಿತು ಫೋನು. "ತಪ್ಪಾಗಿದ್ರ ಬಿಡ್ರಿ."

"ಬರ್ಬೇಡ" ಎಂದಳು ಸುಚಿತಾ.

ಮಂಜಿಯ ಕೈ ನಿಂತಿತು.

"ನೀನಾಗಿ ಬರ್ಬೇಡ" ಎಂದಳು ಸುಚಿತಾ. ಈ ಸಲ ಬಾಡದ ಮಾತಿನಲ್ಲೇ ಹೇಳಿದಳು. "ತವರಿಗೆ ಹಾಂಗೆಲ್ಲ ಒಬ್ಳೇ ಬರುಕಾಗ. ಒಂಬತ್ತು ತುಂಬುಕೂ ಮೊದ್ಲು ಅಣ್ಣ ಬತ್ತ ಕರ್ಕಂಡು ಹೋಗುಕೆ. ತಯಾರಾಗಿರು."

ಅಣ್ಣ ಯಾರೆಂದು ಜಗದೀಶ ಆಚೆ ಈಚೆ ನೋಡಿದ. ಮನೆಯಲ್ಲಿ ಬೇರೆ ಗಂಡಸರು ಯಾರೂ ಇರಲಿಲ್ಲ. ತಟ್ಟೆಯ ಅನ್ನ ಮುಗಿಸಿ, ಕೈ ತೊಳೆದು ಬಂದು, ಒರೆಸಿಕೊಳ್ಳುತ್ತ ಕೇಳಿದ:

"ಹಾವೇರಿಗೆ ಕುಮಟೆಯಿಂದ ಎಷ್ಟೊತ್ತಿಗೆ ಬಸ್ಸು?"